ಆ ಕಿವಿ ನಮ್ಮ ನಾಯಿಯದಲ್ಲ

ಮಾನ್ಯ ಸಂಪಾದಕರೆ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮುಧೋಳ ನಾಯಿಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಬರೆದವರು ಚೆನ್ನಾಗಿಯೇ ಬರೆದಿದ್ದಾರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಈ ತಳಿಯನ್ನು ಉಳಿಸಿದ್ದು, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದು, 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿದ್ದು, ಎಲ್ಲ ಇತ್ತು. ಆದರೆ ಮೇಲೆ ದೊಡ್ಡದಾಗಿ ಹಾಕಿದ ಫೋಟೊ ಮುಧೋಳ ನಾಯಿಯದಲ್ಲ. ಅದು ಗ್ರೇಹೌಂಡ್ ಅನ್ನುವ ವಿದೇಶಿ ತಳಿ.

ನಾನು ಪೇಪರ್ ನೋಡಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ. ಪಕ್ಕದಲ್ಲಿ ಕೂತ ಹುಡುಗ ನನಗಿಂತ ಮೊದಲೇ ಹಿಡಿದುಬಿಟ್ಟ. "ಕಾಕಾ, ಇಲ್ಲಿ ನೋಡ್ರಿ, ನಮ್ಮೂರ ನಾಯಿ ಕಿವಿ ಯಾರ ತಿರುವ್ಯಾರ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಸುಮ್ನೆ ಬಿಡಲು ಆಗಲಿಲ್ಲ, ಬರೆಯಲು ಕೂತೆ.

ನಾನು ಮುಧೋಳದಲ್ಲಿ ಫೋಟೊ ಸ್ಟುಡಿಯೊ ಇಟ್ಟವನು. ರೀಲಿನ ಕಾಲದಲ್ಲಿ ಗಾಜಿನ ಕೆಳಗೆ ಬಲ್ಬು ಉರಿಸಿ, ನೆಗೆಟಿವ್ ಮೇಲೆ ಗಟ್ಟಿ ಪೆನ್ಸಿಲ್ಲಿನ ಸೂಜಿಮೊನೆಯಿಂದ ಮದುಮಕ್ಕಳ ಮೊಡವೆ ಕಲೆ ಮುಚ್ಚುತ್ತಿದ್ದೆ. ಮೊಬೈಲ್ ಬಂದ ಮೇಲೆ ಉಳಿದದ್ದು ಪಾಸ್‌ಪೋರ್ಟ್ ಫೋಟೊ ಮತ್ತು ಝೆರಾಕ್ಸ್. ಪೆನ್ಸಿಲ್ ಹಿಡಿದ ಕೈ ಸುಮ್ಮನಿರಬೇಕಲ್ಲ. ಒಂಬತ್ತು ವರ್ಷದಿಂದ ಬಣ್ಣದ ಪೆನ್ಸಿಲ್ಲಿನಲ್ಲಿ ನಾಯಿಗಳ ಮುಖ ಬರೆಯುತ್ತಿದ್ದೇನೆ. ನೂರು ದಾಟಿವೆ. ಅದರಲ್ಲಿ ಮುಧೋಳ ನಾಯಿಗಳೇ ಜಾಸ್ತಿ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ನಮ್ಮ ನಾಯಿಯ ಹೆಸರು ಹೇಳಿದ ಮೇಲಂತೂ ದೂರದ ಊರುಗಳಿಂದಲೂ ಫೋನ್ ಬಂದವು.

ಇದನ್ನೆಲ್ಲ ಹೇಳಿದ್ದು ಹೊಗಳಿಕೊಳ್ಳಲು ಅಲ್ಲ. ಒಂದು ನಾಯಿಯ ಮುಖದ ಮುಂದೆ ಮೂವತ್ತು ತಾಸು ಕೂತವನಿಗೆ ಕಿವಿ ಬೇರೆಯಾದರೆ ಗೊತ್ತಾಗುತ್ತದೆ, ಅಷ್ಟೇ. ಗ್ರೇಹೌಂಡಿನ ಕಿವಿ ಹಿಂದಕ್ಕೆ ಮಡಚಿಕೊಂಡು ಕುತ್ತಿಗೆಗೆ ಅಂಟಿರುತ್ತದೆ. ಮುಧೋಳದ್ದು ತಲೆಯ ಮೇಲ್ಭಾಗದಿಂದ ಇಳಿದು ಕಪಾಳದ ಪಕ್ಕ ಜೋತು ಬಿದ್ದಿರುತ್ತದೆ. ದೂರದಲ್ಲಿ ಏನಾದರೂ ಅಲುಗಾಡಿದರೆ ಬುಡ ಮಾತ್ರ ಸ್ವಲ್ಪ ಮೇಲೇಳುತ್ತದೆ, ತುದಿ ಕೆಳಗೇ ಇರುತ್ತದೆ. ಹಾಗೆ ಬುಡ ಎದ್ದ ಗಳಿಗೆಯನ್ನೇ ನಾನು ಬರೆಯಲು ನೋಡುತ್ತೇನೆ. ಬೇಟೆ ನಾಯಿ ಅಂತ ಗೊತ್ತಾಗುವುದು ಆಗಲೇ.

ಈ ನಾಯಿಯನ್ನು ಬರೆಯುವುದು ಕಷ್ಟ. ಪಮೇರಿಯನ್ ಆದರೆ ತಪ್ಪನ್ನೆಲ್ಲ ಕೂದಲಲ್ಲಿ ಮುಚ್ಚಿಬಿಡಬಹುದು. ನಮ್ಮ ನಾಯಿಗೆ ಮುಚ್ಚಲು ಕೂದಲೇ ಇಲ್ಲ. ಮೈಗೆ ಅಂಟಿದ ಗಿಡ್ಡ ಕೂದಲು, ಅದರ ಕೆಳಗೆ ಎಲುಬು, ನರ, ಸ್ನಾಯು ಎಲ್ಲ ಕಾಣುತ್ತದೆ. ಪೆನ್ಸಿಲ್ಲಿನ ಗೆರೆ ಎಳ್ಳಿನಷ್ಟು ಉದ್ದ ಇರಬೇಕು, ಕೂದಲು ಹರಿದ ಕಡೆಗೇ ಹರಿಯಬೇಕು. ಮೂಗಿನಿಂದ ಹಣೆಗೆ, ಹಣೆಯಿಂದ ಕಿವಿಗೆ. ಎದುರು ದಿಕ್ಕಿಗೆ ನಾಲ್ಕು ಗೆರೆ ಎಳೆದರೂ ನಾಯಿಗೆ ಚರ್ಮರೋಗ ಬಂದಂತೆ ಕಾಣುತ್ತದೆ.

ಕರಿ ನಾಯಿಗೆ ಕರಿ ಪೆನ್ಸಿಲ್ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿ ಮೊದಲ ಚಿತ್ರವನ್ನು ಇದ್ದಿಲು ಮಾಡಿದ್ದೆ. ಬಿಸಿಲಲ್ಲಿ ನಿಲ್ಲಿಸಿ ನೋಡಿ. ಬೆನ್ನಿನ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ, ಹೊಟ್ಟೆಯ ಕೆಳಗೆ ಮಣ್ಣಿನ ಬಣ್ಣ ಬಡಿದಿರುತ್ತದೆ. ಹಾಗಾಗಿ ಮೊದಲ ಪದರ ಕಡುನೀಲಿ, ಅದರ ಮೇಲೆ ಗಾಢ ಕಂದು, ಕಪ್ಪು ಎಲ್ಲಕ್ಕಿಂತ ಕೊನೆಗೆ. ತಿಳಿ ಬಣ್ಣದಿಂದ ಗಾಢಕ್ಕೆ ಪದರ ಪದರವಾಗಿ ಹೋಗಬೇಕು. ಬಿಳಿ ಮಾತ್ರ ಕಾಗದದ್ದೇ. ಕಣ್ಣಿನಲ್ಲಿ ಹೊಳೆಯುವ ಚುಕ್ಕಿಯನ್ನು ಬಣ್ಣ ಹಚ್ಚದೆ ಬಿಡಬೇಕು, ಆಮೇಲೆ ತರಲು ಆಗದು. ಮೀಸೆಯ ಕೂದಲಿಗೆ ನನ್ನದೊಂದು ಉಪಾಯ ಇದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಕಾಗದದ ಮೇಲೆ ಮೊದಲೇ ಒತ್ತಿ ಗೆರೆ ಕೊರೆದುಬಿಡುತ್ತೇನೆ. ಮೇಲೆ ಬಣ್ಣ ಹಚ್ಚಿದಾಗ ಆ ತಗ್ಗಿಗೆ ಬಣ್ಣ ಇಳಿಯುವುದಿಲ್ಲ, ಮೀಸೆ ಬೆಳ್ಳಗೆ ಎದ್ದು ನಿಲ್ಲುತ್ತದೆ.

ನಮ್ಮ ಬೇಸಿಗೆಯೂ ಇದಕ್ಕೆ ಅಡ್ಡಿ. ಮೇಣ ಬೆರೆತ ಬಣ್ಣದ ಪೆನ್ಸಿಲ್ ಮೆತ್ತಗಾಗುತ್ತದೆ, ಕೈಯ ಬೆವರು ಕಾಗದಕ್ಕೆ ತಾಗುತ್ತದೆ. ಕೈ ಕೆಳಗೆ ಬಟರ್ ಪೇಪರ್ ಇಟ್ಟುಕೊಂಡೇ ಬರೆಯುತ್ತೇನೆ. ಮೇಣ ಜಾಸ್ತಿ ಹಚ್ಚಿದ ಕಡೆ ಕೆಲ ದಿನ ಬಿಟ್ಟು ಬೂದಿಯಂಥ ಬಿಳಿ ಪೊರೆ ಬರುತ್ತದೆ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಈಗ ಎಣ್ಣೆ ಬೆರೆತ ಪೆನ್ಸಿಲ್ ತರಿಸುತ್ತೇನೆ. ಅದರ ಒಂದರ ಬೆಲೆಗೆ ಶಾಲೆ ಮಕ್ಕಳ ಪೂರ್ತಿ ಡಬ್ಬಿ ಬರುತ್ತದೆ ಅಂತ ಮನೆಯಲ್ಲಿ ಇನ್ನೂ ಗೊತ್ತಿಲ್ಲ. ನೀವು ಇದನ್ನು ಅಚ್ಚು ಹಾಕಿದರೆ ಗೊತ್ತಾಗುತ್ತದೆ, ಇರಲಿ.

ಇನ್ನು ಫೋಟೊದ ಮಾತು. ನಿಮ್ಮಲ್ಲಿ ಆ ಫೋಟೊ ಹಾಕಿದವರನ್ನು ಬೈಯಲು ನನಗೆ ಬಾಯಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ಐದು ವರ್ಷದ ಹಿಂದೆ ಲೋಕಾಪುರ ಕಡೆಯ ಕುರಿ ಕಾಯುವ ಅಜ್ಜ ಒಬ್ಬರು ಮೊಮ್ಮಗನ ಜೊತೆ ಬಂದರು. ಬಿಜಲಿ ಅನ್ನುವ ಅವರ ಹೆಣ್ಣು ನಾಯಿ ಗಾಡಿಗೆ ಸಿಕ್ಕು ಸತ್ತಿತ್ತು. ಇದ್ದದ್ದು ಒಂದೇ ಫೋಟೊ, ಮೊಬೈಲಿನದು, ಸಂಜೆ ಹೊತ್ತಿನದು. ಕಣ್ಣು ಚೆನ್ನಾಗಿ ಬಂದಿತ್ತು, ಕಿವಿ ಕತ್ತಲಲ್ಲಿ ಕಳೆದುಹೋಗಿತ್ತು. ನಾನು ಇಂಟರ್ನೆಟ್‌ನಲ್ಲಿ ಹುಡುಕಿ, ಮೊದಲು ಕಂಡ ಸಪೂರ ನಾಯಿಯ ಕಿವಿ ನೋಡಿ ಬರೆದುಬಿಟ್ಟೆ. ಚೌಕಟ್ಟು ಹಾಕಿ ಕೊಟ್ಟೆ. ಅಜ್ಜ ಬಹಳ ಹೊತ್ತು ನೋಡಿದರು. "ಕಣ್ಣ ನಮ್ದ ಐತ್ರಿ. ಕಿವಿ ಯಾರದೋ" ಅಂದರು. ಬೈಯಲಿಲ್ಲ. ದುಡ್ಡು ತೆಗೆದು ಮೇಜಿನ ಮೇಲೆ ಇಟ್ಟರು. ಆ ದುಡ್ಡು ಮುಟ್ಟುವುದು ಹೇಗೆ ಹೇಳಿ.

ಒತ್ತಿ ಹಚ್ಚಿದ ಬಣ್ಣ ರಬ್ಬರಿಗೆ ಏಳುವುದಿಲ್ಲ. ಕಿವಿಯಷ್ಟೇ ತಿದ್ದುತ್ತೇನೆ ಅಂದರೆ ನಡೆಯದು, ಹೊಸ ಕಾಗದವೇ ಬೇಕು. ಅದಕ್ಕೂ ಮೊದಲು ಅವರ ಕುರಿಹಟ್ಟಿಗೆ ಹೋದೆ. ಬಿಜಲಿಯ ತಂಗಿ ಅಲ್ಲಿತ್ತು. ಎರಡು ತಾಸು ನೆಲದ ಮೇಲೆ ಕೂತೆ. ನಾಯಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದೆ, ನಾಲ್ಕು ಮಾರು ದೂರ ಸರಿದು ಜೂಮ್ ಮಾಡಿದೆ. ಮೊಬೈಲನ್ನು ಮೂತಿಯ ಹತ್ತಿರ ಒಯ್ದರೆ ಮೂಗು ದಪ್ಪಗಾಗಿ ಕಿವಿ ಸಣ್ಣದಾಗುತ್ತದೆ. ಈ ಉದ್ದ ಮೂತಿಯ ನಾಯಿಗಂತೂ ಕೇಳಲೇಬೇಡಿ, ಕುದುರೆ ಆಗಿಬಿಡುತ್ತದೆ. ಎರಡನೇ ಚಿತ್ರ ನೋಡಿ ಅಜ್ಜ ಏನೂ ಹೇಳಲಿಲ್ಲ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಮುಂದಿನ ವಾರ ಮೊಮ್ಮಗ ದುಡ್ಡು ತಂದು ಕೊಟ್ಟ. ಜೊತೆಗೆ ಒಂದು ಚೀಲ ಸಜ್ಜೆ.

2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮದೂ ಒಂದಿತ್ತು. ಆ ಚೀಟಿ ನನ್ನ ಮೇಜಿನ ಗಾಜಿನ ಕೆಳಗೆ ಇನ್ನೂ ಇದೆ. ಬೆರಳುಗುರಿನಷ್ಟು ಜಾಗದಲ್ಲೂ ಹೆಸರು ಹಾಕಿ ತೋರಿಸಿದ ನಾಯಿಗೆ ಅರ್ಧ ಪುಟದಲ್ಲಿ ಬೇರೆಯವರ ಮುಖ ಯಾಕೆ? ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರವೇ ಇದೆ. ನಿಮ್ಮ ಫೋಟೊಗ್ರಾಫರ್ ಒಮ್ಮೆ ಬಂದು ಹೋದರೆ ಹತ್ತು ವರ್ಷಕ್ಕಾಗುವಷ್ಟು ಫೋಟೊ ಸಿಗುತ್ತದೆ. ಬರಲು ಆಗದಿದ್ದರೆ ನನ್ನ ಹತ್ತಿರ ಇರುವವನ್ನು ಕೊಡುತ್ತೇನೆ. ಕರಿ, ಕೆನೆ, ಬೂದು, ಹುಲಿಯ ಹಾಗೆ ಪಟ್ಟಿ ಇರುವುದು, ಎಲ್ಲ ಇವೆ. ದುಡ್ಡು ಬೇಡ.

ಈ ಪತ್ರದ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ಬಿಜಲಿಯ ತಂಗಿಯದು. ತಿದ್ದುಪಡಿ ಹಾಕುವಾಗ ಅದನ್ನೇ ಬಳಸಿ. ಜಾಗ ಕಡಿಮೆ ಬಿದ್ದರೆ ಕೆಳಗೆ ಕತ್ತರಿಸಿ, ಮೇಲೆ ಕತ್ತರಿ ಹಾಕಬೇಡಿ. ಕಿವಿ ಅಲ್ಲಿದೆ.

ಇಂತಿ ನಿಮ್ಮ ಓದುಗ,
ಒಬ್ಬ ಸ್ಟುಡಿಯೊದವ, ಮುಧೋಳ