ಗದ್ದದ ಕೂದಲೂ ‘ಶಾಶ್ವತ ಮುಕ್ತಿ’ಯೂ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಬೇಡದ ಕೂದಲಿನಿಂದ ಶಾಶ್ವತ ಮುಕ್ತಿ, ಮದುವೆ ಸೀಸನ್ ಆಫರ್’ ಎಂಬ ಲೇಸರ್ ಸೆಂಟರಿನ ಜಾಹೀರಾತು ನೋಡಿದೆ. ಮೂರು ವರ್ಷದ ಹಿಂದೆ ಇಂಥದ್ದೇ ಒಂದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಹೋದವಳು ನಾನು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇಪ್ಪತ್ತೈದು ದಾಟುವ ಹೊತ್ತಿಗೆ ಗದ್ದದಡಿ ದಪ್ಪ ಕೂದಲು ಶುರುವಾಯಿತು. ಕಸ್ತೂರಿ ಅರಿಶಿನ, ಕಡಲೆಹಿಟ್ಟು ಎಲ್ಲ ಆಯಿತು. ವಾರಕ್ಕೊಮ್ಮೆ ಥ್ರೆಡಿಂಗ್. ಪಾಠ ಮಾಡುವಾಗ ಗದ್ದಕ್ಕೆ ಕೈ ಕೊಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. ಒಬ್ಬ ಹುಡುಗ ಅದನ್ನು ನಕಲು ಮಾಡುತ್ತಿದ್ದುದನ್ನೂ ನೋಡಿದ್ದೇನೆ.

ಆ ಸೆಂಟರಿನಲ್ಲಿ ಆರು ಸಿಟ್ಟಿಂಗಿನ ಪ್ಯಾಕೇಜು, ದುಡ್ಡು ಮೊದಲೇ. ಎರಡು ದಿನದ ಹಿಂದಷ್ಟೇ ಥ್ರೆಡಿಂಗ್ ಮಾಡಿಸಿದ್ದೆ. ಬಿಳಿ ಕೋಟಿನ ಹುಡುಗಿ ಕೇಳಲಿಲ್ಲ, ನಾನು ಹೇಳಲಿಲ್ಲ. ಬೇರು ಸಮೇತ ಕಿತ್ತ ಮೇಲೆ ಲೇಸರಿಗೆ ಸಿಗಲು ಅಲ್ಲೇನಿರುತ್ತದೆ? ಯಾವ ಮಷಿನ್ ಎಂದರೆ ‘ಇಂಪೋರ್ಟೆಡ್ ಮೇಡಂ’ ಎಂದರು. ಮೂರನೇ ಸಲ ದವಡೆ ಹತ್ತಿರ ಗುಳ್ಳೆ ಎದ್ದು, ಕಂದು ಕಲೆ ಎಂಟು ತಿಂಗಳು ಉಳಿಯಿತು. ಬಾಕಿ ಸಿಟ್ಟಿಂಗಿನ ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ತೋರಿಸಿದ ಚರ್ಮದ ಡಾಕ್ಟರು ಮೊದಲು ಕೇಳಿದ್ದೇ, ‘ತಿಂಗಳು ತಿಂಗಳು ಸರಿಯಾಗಿ ಆಗುತ್ತೇನಮ್ಮಾ?’ ಆಗುತ್ತಿರಲಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಗಿ ಪಿಸಿಓಎಸ್, ಅಂದರೆ ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ತೊಂದರೆ, ಎಂದು ಗೊತ್ತಾಯಿತು. ಅದಕ್ಕೆ ಔಷಧಿ ಮಾಡದೆ ಬರೀ ಲೇಸರ್ ಹೊಡೆಸಿದರೆ ಹೊಸ ಕೂದಲು ಬರುತ್ತಲೇ ಇರುತ್ತದಂತೆ. ಲೇಸರ್ ಹುಡುಕಿಕೊಂಡು ಹೋಗುವುದು ಕಪ್ಪು ಬಣ್ಣವನ್ನು. ಕೂದಲೂ ಕಪ್ಪು, ನಾನೂ ಕಪ್ಪು; ಪಾಪ, ಅದಕ್ಕೇನು ಗೊತ್ತು! ನನ್ನಂಥ ಮೈಬಣ್ಣಕ್ಕೆ ಬೆಳಕಿನ ಅಲೆಯ ಉದ್ದ 1064 ನ್ಯಾನೋಮೀಟರ್ ಇರುವ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ ಎಂದರು.

ಒಂದು ತಿಂಗಳು ಥ್ರೆಡಿಂಗ್ ಬಂದ್, ರೇಜರ್ ಮಾತ್ರ. ಅಮ್ಮ ಒಗ್ಗರಣೆ ಸೌಟು ಹಿಡಿದೇ ಓಡಿಬಂದಳು: ‘ಗಡ್ಡ ದಪ್ಪ ಬರುತ್ತೆ ಕಣೇ!’ ಬರುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟು ತಾಗುತ್ತದೆ, ಅಷ್ಟೆ.

ಆಮೇಲೆ ಹೊಸ ಲೇಸರ್ ಸಿಟ್ಟಿಂಗ್: ಕಣ್ಣಿಗೆ ಕನ್ನಡಕ, ಗದ್ದಕ್ಕೆ ತಣ್ಣನೆ ಜೆಲ್. ಒಂದೊಂದು ಹೊಡೆತವೂ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ. ದೀಪಕ್ಕೆ ಕೂದಲು ತಾಗಿದ ವಾಸನೆ. ಹತ್ತು ನಿಮಿಷ. ಕೂದಲಿನ ಬುಡದಲ್ಲೆಲ್ಲ ಕೆಂಪಗೆ ಊದಿ, ಬೆಳಗಾಗುವಷ್ಟರಲ್ಲಿ ಇಳಿದಿತ್ತು. ವಾರ ಕಳೆದ ಮೇಲೆ ಕೂದಲು ಬೆಳೆಯುತ್ತಿರುವಂತೆ ಕಂಡು ಅಳುವೇ ಬಂತು. ಅದು ಬೆಳೆಯುತ್ತಿದ್ದುದಲ್ಲ, ಸತ್ತು ಹೊರಬರುತ್ತಿದ್ದುದು. ಒಂದು ಬೆಳಿಗ್ಗೆ ಮುಖ ಒರೆಸಿದರೆ ಟವೆಲ್ಲಿನ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಉದುರಿತ್ತು.

ಎಲ್ಲ ಕೂದಲೂ ಒಂದೇ ಸಮಯಕ್ಕೆ ಬೆಳೆಯುವ ಹಂತದಲ್ಲಿರುವುದಿಲ್ಲ; ಆ ಹಂತದಲ್ಲಿದ್ದದ್ದಕ್ಕೆ ಮಾತ್ರ ಪೆಟ್ಟು. ಹಾಗಾಗಿ ಐದಾರು ವಾರಕ್ಕೊಮ್ಮೆ, ಒಟ್ಟು ಎಂಟು ಸಲ ಹೋದೆ. ನಡುವೆ ಬಿಸಿಲಿಗೆ ಹೊರಟರೆ ಸನ್‌ಸ್ಕ್ರೀನ್ ಕಡ್ಡಾಯ, ಕ್ರೀಡಾಕೂಟದ ದಿನವೂ. ದಿನಾ ರೇಜರ್ ಹಿಡಿಯುತ್ತಿದ್ದವಳಿಗೆ ಈಗ ಹದಿನೈದು ದಿನಕ್ಕೊಮ್ಮೆ ಸಾಕು, ಅದೂ ನವಿರು ಕೂದಲು. ಎಂಟು ತಿಂಗಳಿಗೊಮ್ಮೆ ಮತ್ತೆ ಹೋಗಿ ಬರಬೇಕು. ಎರಡು ಬಿಳಿ ಕೂದಲು ಇದ್ದಲ್ಲೇ ಇವೆ. ಬಿಳಿಯದು ಲೇಸರಿಗೆ ಕಾಣುವುದೇ ಇಲ್ಲ.

ಇಷ್ಟಕ್ಕೆ ನಾನು ಖುಷಿಯಾಗಿದ್ದೇನೆ. ಆದರೆ ಇದು ‘ಶಾಶ್ವತ ಮುಕ್ತಿ’ಯಲ್ಲ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಈ ಯಂತ್ರಗಳಿಗೆ ಕೂದಲನ್ನು ಶಾಶ್ವತವಾಗಿ ‘ಕಡಿಮೆ ಮಾಡುತ್ತದೆ’ ಎಂದು ಹೇಳಿಕೊಳ್ಳಲಷ್ಟೇ ಬಿಟ್ಟಿದೆ, ‘ಇಲ್ಲವಾಗಿಸುತ್ತದೆ’ ಎನ್ನಲು ಅಲ್ಲ. ನಿಮ್ಮ ಜಾಹೀರಾತು ವಿಭಾಗದವರು ಆ ಒಂದು ಪದ ತಿದ್ದಿಸಿದ್ದರೆ ನಾನಂತೂ ದುಡ್ಡು ಕಟ್ಟುವ ಮೊದಲು ಇನ್ನೆರಡು ಪ್ರಶ್ನೆ ಕೇಳಿರುತ್ತಿದ್ದೆ.

ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿದೆ, ದಯವಿಟ್ಟು ಅಚ್ಚು ಹಾಕಬೇಡಿ. ನಮ್ಮ ಶಾಲೆಗೆ ಬರುವುದು ನಿಮ್ಮ ಪತ್ರಿಕೆಯೇ, ಆ ಹುಡುಗ ಈಗ ಹತ್ತನೇ ತರಗತಿಯಲ್ಲಿದ್ದಾನೆ.

– ಓರ್ವ ಶಿಕ್ಷಕಿ, ಶಿವಮೊಗ್ಗ