ಅಳತೆಯ ಗೀಟು ಮಕ್ಕಳೇ ಹಾಕಲಿ

ಮಾನ್ಯ ಸಂಪಾದಕರೆ,

ಘನಫಲ, ಸಾಮರ್ಥ್ಯಗಳ ಪಾಠ ಬಂದಾಗ ತರಗತಿಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ ‘1000 ಮಿಲಿಲೀಟರ್ ಅಂದರೆ 1 ಲೀಟರ್’ ಎಂದು ಹಲಗೆಯ ಮೇಲೆ ಬರೆದು ನೇರವಾಗಿ ಲೆಕ್ಕಕ್ಕೆ ಇಳಿಯುತ್ತೇವೆ. ಇಲ್ಲವೇ ಮೇಜಿನ ಮೇಲೆ ಅಳತೆಯ ಜಾಡಿ ಇಟ್ಟು ಶಿಕ್ಷಕರೇ ನೀರು ಸುರಿದು ತೋರಿಸುತ್ತಾರೆ. ಹಿಂದಿನ ಸಾಲಿನವರಿಗೆ ಕಾಣುವುದು ಶಿಕ್ಷಕರ ಬೆನ್ನು. ಇದಕ್ಕೆ ‘ಪ್ರಯೋಗ’ ಎಂಬ ಹೆಸರು ಬೇರೆ. ನಮ್ಮ ತಕರಾರು ಇಷ್ಟೇ: ಗೀಟು ಅಚ್ಚಾಗಿ ಬಂದಿರುವ ಜಾಡಿಯಿಂದ ಈ ಪಾಠ ಶುರುವಾಗಬಾರದು. ಗೀಟೇ ಇಲ್ಲದ ಬಾಟಲಿ ಮಕ್ಕಳ ಕೈಗೆ ಬರಬೇಕು, ಗೀಟುಗಳನ್ನು ಅವರೇ ಹಾಕಬೇಕು. ಅಚ್ಚಾದ ಜಾಡಿಯಲ್ಲಿ ಮಗು ಅಂಕಿ ಓದುತ್ತದೆಯೇ ಹೊರತು ಅಳೆಯುವುದಿಲ್ಲ.

ಮೊದಲ ತೊಡಕು ಮಾತಿನಲ್ಲೇ ಇದೆ. ಪಠ್ಯಗಳಲ್ಲಿ ಘನಫಲದ ಅರ್ಥದಲ್ಲಿ ಬರುವ ‘ಗಾತ್ರ’ ಎಂಬ ಪದ ಆಡುಮಾತಿನಲ್ಲಿ ದೊಡ್ಡದು, ಸಣ್ಣದು ಎಂಬ ಅರ್ಥದ್ದು. ಎತ್ತರದ ಬಾಟಲಿಯ ಗಾತ್ರ ಹೆಚ್ಚು ಎಂದು ಮಗು ಹೇಳಿದರೆ ಕನ್ನಡವನ್ನು ಅದು ಸರಿಯಾಗಿಯೇ ಬಳಸಿದೆ. ಅದರ ಬದಲು ‘ಇದು ಎಷ್ಟು ನೀರು ಹಿಡಿಯುತ್ತದೆ?’ ಎಂದು ಕೇಳಿ ನೋಡಿ, ಪ್ರಶ್ನೆ ತಾನಾಗಿ ತಿಳಿಯಾಗುತ್ತದೆ. ಪಾತ್ರೆ ಎಷ್ಟು ಹಿಡಿಯುತ್ತದೋ ಅದು ಸಾಮರ್ಥ್ಯ. ವಸ್ತು ತಾನು ಎಷ್ಟು ಜಾಗ ತುಂಬುತ್ತದೋ ಅದು ಘನಫಲ. ಕಲ್ಲಿಗೆ ಘನಫಲವಿದೆ, ಸಾಮರ್ಥ್ಯವಿಲ್ಲ. ಲೋಟಕ್ಕೆ ಎರಡೂ ಇವೆ.

ಇನ್ನು ಬಾಟಲಿಯ ಕೆಲಸ. ನಾಲ್ವರ ಗುಂಪಿಗೆ ನೇರ ಬದಿಯ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ ಅಥವಾ ಡಬ್ಬಿ ಎರಡು ಬೇಕು, ಒಂದು ದಪ್ಪನೆಯದು, ಒಂದು ಸಪೂರದ್ದು. ಸೂಜಿಯಿಲ್ಲದ, ಹಿಂದೆ ಬಳಸಿರದ 10 ಮಿ.ಲೀ. ಸಿರಿಂಜ್, ಒಂದು ಸಣ್ಣ ಲೋಟ, ಆಲಿಕೆ, ಎರಡು ಬೆರಳಗಲದ ಕಾಗದದ ಪಟ್ಟಿ, ಪೆನ್ಸಿಲ್, ಪಾರದರ್ಶಕ ಅಂಟುಪಟ್ಟಿ, ಚೆಲ್ಲಿದ್ದನ್ನು ಹಿಡಿಯಲು ಅಗಲದ ತಟ್ಟೆ, ಒರೆಸುವ ಬಟ್ಟೆ. ಬಕೆಟ್‌ನಲ್ಲಿ 5 ಲೀಟರ್ ನೀರಿದ್ದರೆ ಇಡೀ ದಿನಕ್ಕೆ ಸಾಕು; ಅದೇ ನೀರು ಸುತ್ತಿ ಬರುತ್ತಿರುತ್ತದೆ. ಮಟ್ಟ ಚೆನ್ನಾಗಿ ಕಾಣಲೆಂದು ಬಣ್ಣ ಹಾಕುವುದಾದರೆ ನಾಲ್ಕು ಹನಿ ಮಾತ್ರ. ಕಡುಬಣ್ಣವಾದರೆ ನೀರಿನ ಅಂಚು ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ.

ಪಟ್ಟಿಯನ್ನು ಬಾಟಲಿಯ ಬದಿಗೆ ನೆಟ್ಟಗೆ ಅಂಟಿಸಿ, ಅದರ ಅಂಚಿನ ಪಕ್ಕದಲ್ಲೇ ನೀರು ಕಾಣುವಂತಿರಲಿ. ಸಣ್ಣ ಲೋಟವನ್ನು ಮೊದಲು ಒಮ್ಮೆ ಒದ್ದೆ ಮಾಡಿ ನೀರು ಚೆಲ್ಲಿಬಿಡಿ. ಆಮೇಲೆ ಆ ಲೋಟಕ್ಕೆ ಸಿರಿಂಜ್‌ನಿಂದ ಐದು ಸಲ ಹತ್ತತ್ತು ಮಿ.ಲೀ. ಹಾಕಿ, ಮಟ್ಟ ನಿಂತ ಕಡೆ ಗೀಟು ಎಳೆಯಿರಿ. ಇನ್ನು ಮುಂದೆ ಅದು ಗುಂಪಿನ 50 ಮಿ.ಲೀ. ಮಾನ. ಮೊದಲೇ ಒದ್ದೆ ಮಾಡುವುದು ವ್ಯರ್ಥ ಶ್ರಮವಲ್ಲ. ಸುರಿದ ಮೇಲೂ ಲೋಟದ ಗೋಡೆಗೆ ತೆಳ್ಳನೆ ನೀರಿನ ಪದರ ಅಂಟಿಕೊಂಡಿರುತ್ತದೆ. ಆ ಪದರ ಮೊದಲೇ ಇದ್ದರೆ ಮಾತ್ರ ಲೋಟದಿಂದ ಹೊರಗೆ ಬೀಳುವುದು ನಿಜವಾದ 50. ಸಿರಿಂಜ್ ಓದುವಾಗಲೂ ಒಂದು ಎಚ್ಚರ: ಕೊಂತದ (ನೀರನ್ನು ತಳ್ಳುವ ದಂಡದ) ರಬ್ಬರ್ ತಲೆಗೆ ಎರಡು ಉಂಗುರಗಳಿದ್ದರೆ ನೀರಿಗೆ ತಾಗಿರುವ ಮುಂದಿನದನ್ನು ಓದಬೇಕು, ಹಿಂದಿನದನ್ನಲ್ಲ. ಗಾಳಿಗುಳ್ಳೆ ಸೇರಿದ್ದರೆ ಮೂತಿಯನ್ನು ಮೇಲೆ ಮಾಡಿ, ಬೆರಳಿನಿಂದ ತಟ್ಟಿ, ಗಾಳಿ ಹೊರತಳ್ಳಿ, ಮತ್ತೆ ಎಳೆದುಕೊಳ್ಳಬೇಕು.

ಈಗ ಆ ಲೋಟದಿಂದ ಬಾಟಲಿಗೆ 50 ಮಿ.ಲೀ. ಸುರಿ, ನೀರು ಅಲುಗಾಡುವುದು ನಿಲ್ಲಲಿ, ಗೀಟು ಹಾಕು. ಮತ್ತೆ 50, ಮತ್ತೆ ಗೀಟು. ಒಬ್ಬರು ಸುರಿಯುವುದು, ಒಬ್ಬರು ಮಟ್ಟ ನೋಡುವುದು, ಒಬ್ಬರು ಬರೆಯುವುದು. ನಾಲ್ಕನೆಯವರ ಕೆಲಸ ಪ್ರತಿ ಸುರಿತಕ್ಕೂ ಒಂದು ಹರಳನ್ನು ಪಕ್ಕಕ್ಕಿಡುವುದು. ಈ ಹರಳು ಬಹಳ ಮುಖ್ಯ. ಬಾಯಿಲೆಕ್ಕ ನಂಬಿದರೆ ಹನ್ನೊಂದೋ ಹನ್ನೆರಡೋ ಎಂಬ ಜಗಳ ಖಂಡಿತ, ಆಗ ಇಡೀ ಬಾಟಲಿ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ಆಲಿಕೆ ಬಾಟಲಿಯ ಕತ್ತಿಗೆ ಬಿಗಿಯಾಗಿ ಕೂತರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದೆ ನೀರು ಗುಳುಗುಳು ಎಂದು ನಿಂತೇಬಿಡುತ್ತದೆ. ಸಂದಿಗೆ ಒಂದು ತೆಳ್ಳನೆ ಕಡ್ಡಿ ಸಿಕ್ಕಿಸಿದರೆ ಸಾಕು.

ಮಟ್ಟ ನೋಡುವಾಗ ಬಾಟಲಿಯನ್ನು ಕಣ್ಣಿನ ತನಕ ಎತ್ತುವ ಚಾಳಿ ಎಲ್ಲ ಮಕ್ಕಳಿಗೂ ಇದೆ. ಎತ್ತಿದರೆ ವಾಲುತ್ತದೆ. ಬಾಟಲಿ ಮೇಜಿನ ಮೇಲೇ ಇರಲಿ, ಮಗು ಬಗ್ಗಲಿ. ನಿಂತಲ್ಲಿಂದಲೇ ಮೇಲಿನಿಂದ ನೋಡಿದರೆ ಎದುರಿನ ಪಟ್ಟಿಯ ಮೇಲೆ ಗೀಟು ನಿಜವಾದ ಮಟ್ಟಕ್ಕಿಂತ ಮೇಲೆ ಬೀಳುತ್ತದೆ. ಗಾಜಿನ ಸಪೂರ ಪಾತ್ರೆಯಾದರೆ ನೀರು ಅಂಚಿನಲ್ಲಿ ಗೋಡೆ ಹತ್ತಿ ಮಧ್ಯದಲ್ಲಿ ತಗ್ಗಾಗಿರುತ್ತದೆ, ಆ ತಗ್ಗಿನ ತಳವನ್ನೇ ಓದಬೇಕು. ಅನೇಕ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಈ ಬಾಗು ಹೆಚ್ಚುಕಡಿಮೆ ಇರುವುದೇ ಇಲ್ಲ. ಇಲ್ಲದ ಬಾಗನ್ನು ಹುಡುಕಿಸಿ ಮಕ್ಕಳನ್ನು ಗೊಂದಲಕ್ಕೆ ನೂಕುವುದು ಬೇಡ.

ಕೆಲಸದ ನಡುವೆ ಒಂದು ಮಗು ‘ಸ್ಕೇಲ್ ಇಟ್ಟು ಸಮನಾಗಿ ಗೀಟು ಹಾಕಿಬಿಡೋಣ’ ಎಂದು ದಾರಿ ಹುಡುಕುತ್ತದೆ. ತಡೆಯಬೇಡಿ, ಇನ್ನೊಂದು ಪಟ್ಟಿ ಕೊಟ್ಟು ಹಾಕಲು ಬಿಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ತಳದಲ್ಲಿ ಉಬ್ಬುತಗ್ಗು ಇರುವುದರಿಂದ ಮೊದಲ ಗೀಟು ಹೊಂದುವುದಿಲ್ಲ. ನಡುವಿನ ನೇರ ಭಾಗದಲ್ಲಿ ಅಂತರ ಸಮನಾಗಿರುತ್ತದೆ. ಹೆಗಲು ಬಂದು ಬಾಟಲಿ ಕಿರಿದಾಗತೊಡಗಿದಂತೆ ಗೀಟುಗಳು ದೂರ ದೂರ ಸರಿಯುತ್ತವೆ. ಅಡ್ಡಕೊಯ್ತದ ವಿಸ್ತೀರ್ಣ (ಬಾಟಲಿಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಒಳಗಿನ ಅಗಲದ ಅಳತೆ) ಎಂಬ ಮಾತನ್ನು ಇನ್ನೂ ಯಾರೂ ಆಡಿಲ್ಲ, ಆದರೆ ಅದು ಕಾಗದದ ಮೇಲೆ ಬಂದಾಗಿದೆ.

ದಪ್ಪ ಮತ್ತು ಸಪೂರ ಬಾಟಲಿಗಳ ಅಳತೆಯನ್ನು ಯೋಚಿಸಿ ಆರಿಸಿದರೆ ಇನ್ನೂ ಒಳ್ಳೆಯದು. ಒಳವ್ಯಾಸ 8 ಸೆಂ.ಮೀ. ಇದ್ದರೆ 50 ಮಿ.ಲೀ. ನೀರು ಸುಮಾರು 1 ಸೆಂ.ಮೀ. ಏರುತ್ತದೆ. ವ್ಯಾಸ ಅದರ ಅರ್ಧ, ಅಂದರೆ 4 ಸೆಂ.ಮೀ. ಆದರೆ ಎಷ್ಟು? ಮಕ್ಕಳೆಲ್ಲ ಎರಡು ಎನ್ನುತ್ತಾರೆ, ದೊಡ್ಡವರೂ ಎನ್ನುತ್ತಾರೆ. ನೀರು ಏರುವುದು ಸುಮಾರು 4 ಸೆಂ.ಮೀ. ಅಂದಾಜನ್ನು ಸುರಿಯುವ ಮೊದಲೇ ಪೆನ್ನಿನಲ್ಲಿ ಬರೆಸಿಕೊಳ್ಳಿ. ಪೆನ್ಸಿಲ್ ಕೊಟ್ಟರೆ ಉತ್ತರ ಕಂಡಮೇಲೆ ಅಂದಾಜು ಸದ್ದಿಲ್ಲದೆ ತಿದ್ದುಪಡಿಯಾಗುತ್ತದೆ.

ಬಾಟಲಿ ಸಿದ್ಧವಾದ ಮೇಲೆ ಗುಂಪುಗಳು ಅದಲುಬದಲು ಮಾಡಿಕೊಳ್ಳಲಿ. ಒಬ್ಬರ 300 ಇನ್ನೊಬ್ಬರ ಬಾಟಲಿಯಲ್ಲಿ 310 ತೋರಿಸಿದರೆ ಯಾರದು ತಪ್ಪು? ತೂಕದ ಯಂತ್ರವಿದ್ದರೆ ತೀರ್ಪು ಸುಲಭ. 1 ಮಿ.ಲೀ. ನೀರು ಸುಮಾರು 1 ಗ್ರಾಂ ತೂಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಲೀಟರ್ ನೀರು ಸುಮಾರು 996 ಗ್ರಾಂ ತೂಗುತ್ತದೆ, ನಿಜ. ಆದರೆ ಆ 4 ಗ್ರಾಂ ಇಲ್ಲಿ ಯಾರ ತಪ್ಪನ್ನೂ ಮುಚ್ಚಲಾರದು.

ಒಂದೇ ಅಳತೆಯ ನೀರನ್ನು ಸಪೂರ ಲೋಟಕ್ಕೂ ಅಗಲ ಬಟ್ಟಲಿಗೂ ಸುರಿದು ‘ಯಾವುದರಲ್ಲಿ ಹೆಚ್ಚು?’ ಎಂದು ಕೇಳುವ ಪರೀಕ್ಷೆ ಶಿಕ್ಷಕರಿಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಇದನ್ನು ಹೆಸರುವಾಸಿ ಮಾಡಿದರು. ಏಳು ವರ್ಷದ ಆಸುಪಾಸಿನ ತನಕ ಬಹಳಷ್ಟು ಮಕ್ಕಳು ಎತ್ತರವನ್ನೇ ಹೆಚ್ಚು ಎನ್ನುತ್ತಾರೆ. ನಾವು ಮಾಡುವ ತಪ್ಪು ಇದರ ನಂತರದ್ದು. ‘ಎರಡೂ ಒಂದೇ ಅಲ್ಲವಾ?’ ಎಂದು ನಾವೇ ಹೇಳಿಕೊಡುತ್ತೇವೆ, ಮಗು ತಲೆಯಾಡಿಸುತ್ತದೆ. ಹೇಳುವ ಬದಲು, ಮೊದಲಿನ ಪಾತ್ರೆಯ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿಟ್ಟು, ನೀರನ್ನು ಅದಕ್ಕೇ ವಾಪಸ್ ಸುರಿಸಿ. ಇಲ್ಲೂ ಆ ತೆಳ್ಳನೆ ಪದರ ಕಾಡುತ್ತದೆ. ಒಣ ಲೋಟಗಳಿಗೆ ನಾಲ್ಕೈದು ಸಲ ಸುರಿದಾಡಿದರೆ ಮಟ್ಟ ರಬ್ಬರ್ ಬ್ಯಾಂಡಿಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ. ಚುರುಕು ಕಣ್ಣಿನ ಮಗು ‘ನೀರು ಕಮ್ಮಿ ಆಯ್ತು’ ಎನ್ನುತ್ತದೆ. ಅದನ್ನು ಗದರಿಸಿ ಕೂರಿಸುವ ಶಿಕ್ಷಕರೇ ಅಲ್ಲಿ ತಪ್ಪು. ನೀರು ಕಮ್ಮಿ ಆಗಿರುವುದು ನಿಜ, ಎಲ್ಲಿ ಹೋಯಿತು ಎಂದು ಹುಡುಕಿಸಬೇಕು. ಲೋಟದ ಒಳಗೋಡೆಗೆ ಬೆರಳು ತಾಗಿಸಿದರೆ ಉತ್ತರ ಸಿಗುತ್ತದೆ.

ಲೀಟರ್ ಮತ್ತು ಘನ ಸೆಂಟಿಮೀಟರ್‌ಗಳ ನಂಟನ್ನು ತೋರಿಸಲು ಪ್ರತಿ ಬದಿ 10 ಸೆಂ.ಮೀ. ಇರುವ, 1 ಲೀಟರ್ ಹಿಡಿಯಬೇಕಾದ ಪೆಟ್ಟಿಗೆ ಮಾಡಿಸುವವರು ಒಂದು ಕಡೆ ಎಡವುತ್ತಾರೆ. 3 ಮಿ.ಮೀ. ದಪ್ಪದ ಹಾಳೆಯಿಂದ, ಮೇಲೆ ತೆರೆದ ಪೆಟ್ಟಿಗೆಯನ್ನು ಹೊರಗಿನಿಂದ ಎಲ್ಲ ಕಡೆ 10 ಸೆಂ.ಮೀ. ಬರುವಂತೆ ಕತ್ತರಿಸಿದರೆ ಒಳಗೆ ಉಳಿಯುವುದು 9.4 × 9.4 × 9.7 ಸೆಂ.ಮೀ. ಅದು ಹಿಡಿಯುವುದು 857 ಮಿ.ಲೀ. ಮಾತ್ರ. ತೆಳ್ಳನೆ ಗೋಡೆ, ತಳ ಸೇರಿ 143 ಮಿ.ಲೀ. ನುಂಗಿಬಿಟ್ಟವು! ಹೀಗೆ ಎಡವಿದ ಪೆಟ್ಟಿಗೆಯನ್ನು ಎಸೆಯಬೇಡಿ. ಹೊರಗಿನ ಘನಫಲ ಬೇರೆ, ಒಳಗಿನ ಸಾಮರ್ಥ್ಯ ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಹುಡುಕಿದರೂ ಸಿಗದು. ರಟ್ಟಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಚೀಲ ಹಾಸಿ ನೀರು ತುಂಬಿದರೆ ಇನ್ನೊಂದು ಬಗೆಯ ಎಡವಟ್ಟು: ಗೋಡೆಗಳು ಹೊಟ್ಟೆ ಬಿಟ್ಟು ಲೀಟರ್‌ಗಿಂತ ಹೆಚ್ಚು ಹಿಡಿಯುತ್ತವೆ. ಸುತ್ತಲೂ ಎರಡು ಕಡೆ ಅಂಟುಪಟ್ಟಿಯ ಬಿಗಿ ಹಾಕಿದರೆ ಉಬ್ಬು ಕಡಿಮೆಯಾಗುತ್ತದೆ.

ಅಂದಹಾಗೆ, ಈ ನಂಟಿನಲ್ಲಿ ಲೀಟರ್ ಕೂಡ ಒಮ್ಮೆ ಜಾರಿದೆ. 1901ರಿಂದ 1964ರವರೆಗೆ ಅತಿ ಹೆಚ್ಚು ಸಾಂದ್ರತೆಯ ಸ್ಥಿತಿಯಲ್ಲಿ 1 ಕಿಲೋಗ್ರಾಂ ನೀರು ತುಂಬುವ ಜಾಗವನ್ನೇ ಲೀಟರ್ ಎಂದು ಕರೆಯುತ್ತಿದ್ದರು. ಅದು 10 ಸೆಂ.ಮೀ. ಘನಕ್ಕಿಂತ 0.028 ಮಿ.ಲೀ.ನಷ್ಟು ದೊಡ್ಡದು. ಒಂದು ಹನಿ ಸುಮಾರು 0.05 ಮಿ.ಲೀ. ಎಂದಿಟ್ಟುಕೊಂಡರೆ ಅರ್ಧ ಹನಿ. ಅಷ್ಟಕ್ಕೇ 1964ರಲ್ಲಿ ವ್ಯಾಖ್ಯೆ ಬದಲಿಸಿ ಲೀಟರ್ ಅಂದರೆ 1000 ಘನ ಸೆಂ.ಮೀ. ಎಂದು ನಿಗದಿ ಮಾಡಿದರು.

ಕಲ್ಲು, ಗೋಲಿಗಳನ್ನು ಮುಳುಗಿಸಿ ಘನಫಲ ಅಳೆಯುವ ಪಾಠಕ್ಕೆ ಮಕ್ಕಳು ಗುರುತು ಹಾಕಿದ ಬಾಟಲಿಗಳೇ ಮತ್ತೆ ಬರಲಿ. 16 ಮಿ.ಮೀ. ಗೋಲಿಯ ಘನಫಲ ಸುಮಾರು 2.1 ಘನ ಸೆಂ.ಮೀ. ಅಂಥ ಒಂದು ಗೋಲಿಯನ್ನು 8 ಸೆಂ.ಮೀ. ಬಾಟಲಿಗೆ ಹಾಕಿದರೆ ನೀರು ಅರ್ಧ ಮಿ.ಮೀ. ಕೂಡ ಏರುವುದಿಲ್ಲ, ‘ಗೋಲಿಗೆ ಘನಫಲವೇ ಇಲ್ಲ’ ಎಂಬ ತೀರ್ಮಾನಕ್ಕೆ ತರಗತಿ ಬರುತ್ತದೆ. ಹತ್ತು ಗೋಲಿ ಹಾಕಿ, ಅದೂ 4 ಸೆಂ.ಮೀ. ಬಾಟಲಿಗೆ. ಆಗ ಏರಿಕೆ 1.7 ಸೆಂ.ಮೀ. ಬಂದದ್ದನ್ನು ಹತ್ತರಿಂದ ಭಾಗಿಸಿದರಾಯಿತು. ಅಳತೆಯ ಜಾಡಿಗಳು ಯಾಕೆ ಸಪೂರವಾಗಿರುತ್ತವೆ ಎಂದು ಮಕ್ಕಳು ಕೇಳುವುದು ಈ ಹಂತದಲ್ಲಿ. ಗೋಲಿಯನ್ನು ಮೇಲಿನಿಂದ ಎಸೆಯದೆ, ಬಾಟಲಿ ವಾಲಿಸಿ ಗೋಡೆಯ ಮೇಲೆ ಜಾರಿಸಬೇಕು. ಎಸೆದರೆ ನೀರು ಸಿಡಿದು ಲೆಕ್ಕ ತಪ್ಪುತ್ತದೆ. ಇಟ್ಟಿಗೆ ಚೂರಿನಂಥದ್ದು ನೀರು ಕುಡಿಯುತ್ತದೆ, ಗುಳ್ಳೆ ಬರುವುದು ನಿಲ್ಲುವ ತನಕ ಬೇರೆಡೆ ನೆನೆಸಿ, ಮೇಲ್ಮೈ ಒರೆಸಿ ಹಾಕಬೇಕು. ತೇಲುವ ಮರದ ತುಂಡನ್ನು ತೆಳ್ಳನೆ ಸೂಜಿಯಿಂದ ಒತ್ತಿ ಮುಳುಗಿಸಬೇಕು. ಬೆರಳಿನಿಂದ ಒತ್ತಿದರೆ ಬೆರಳಿನ ಘನಫಲವೂ ಲೆಕ್ಕಕ್ಕೆ ಸೇರುತ್ತದೆ.

ಬಾಟಲಿಯ ಬದಿಗೆ ತೂತು ಮಾಡಿ ಸ್ಟ್ರಾ ಸಿಕ್ಕಿಸಿ, ವಸ್ತು ಮುಳುಗಿದಾಗ ಹೊರಬೀಳುವ ನೀರನ್ನು ಹಿಡಿದು ಅಳೆಯಲು ಹೊರಚೆಲ್ಲುವ ಪಾತ್ರೆ ಮಾಡುವುದೂ ಚೆನ್ನ. ಆದರೆ ಸ್ಟ್ರಾದ ಮೂತಿಯಲ್ಲಿ ನೀರು ಮೇಲ್ಮೈ ಎಳೆತದಿಂದ ಹಟ ಹಿಡಿದು ನಿಲ್ಲುತ್ತದೆ, ಮುಳುಗಿಸಿದ್ದಕ್ಕಿಂತ ಕಡಿಮೆ ನೀರು ಹೊರಬರುತ್ತದೆ. ಸ್ಟ್ರಾ ಸ್ವಲ್ಪ ಕೆಳಮುಖವಾಗಿರಲಿ, ನೀರಿಗೆ ಒಂದು ತೊಟ್ಟು ಸೋಪಿನ ದ್ರಾವಣ ಬೀಳಲಿ, ಹನಿಯುವುದು ಪೂರ್ತಿ ನಿಂತ ಮೇಲೆ ವಸ್ತು ಇಳಿಯಲಿ.

ಭಾರದ್ದು ಹೆಚ್ಚು ನೀರು ತಳ್ಳುತ್ತದೆ ಎಂಬ ನಂಬಿಕೆ ಗಟ್ಟಿ. ಒಂದೇ ಅಳತೆಯ ಗಾಜಿನ ಗೋಲಿ ಮತ್ತು ಕಬ್ಬಿಣದ ಗುಂಡು ಅದನ್ನು ಸಡಿಲಿಸುತ್ತವೆ. ಎಣ್ಣೆ ಬೆರೆತ ಆಟದ ಜೇಡಿಯನ್ನು ಉಂಡೆ ಮಾಡಿ ಒಮ್ಮೆ, ಹೊಸೆದು ಒಮ್ಮೆ ಮುಳುಗಿಸಿದರೆ ಏರಿಕೆ ಒಂದೇ. ಆದರೆ ಅದೇ ಜೇಡಿಯನ್ನು ದೋಣಿ ಮಾಡಿ ತೇಲಿಬಿಡುವುದನ್ನು ಅದೇ ದಿನ ಮಾಡಲೇಬೇಡಿ. ತೇಲುವ ದೋಣಿ ತನ್ನ ತೂಕದಷ್ಟು ನೀರನ್ನು ಸರಿಸುವುದರಿಂದ ಮಟ್ಟ ಉಂಡೆಗಿಂತ ಮೇಲೆ ಹೋಗುತ್ತದೆ. ಘನಫಲ ಬದಲಾಗದು ಎಂದು ಈಗಷ್ಟೇ ಒಪ್ಪಿದ ಮಗು ಅಲ್ಲಿಗೆ ತಬ್ಬಿಬ್ಬಾಗುತ್ತದೆ. ಅದಕ್ಕೆ ಬೇರೆಯದೇ ದಿನ ಬೇಕು.

ನೆಲ ಒದ್ದೆಯಾಗುತ್ತದೆ, ಗದ್ದಲವಾಗುತ್ತದೆ ಎಂಬ ಆಕ್ಷೇಪ ನ್ಯಾಯವೇ. ತಟ್ಟೆಯೊಳಗೇ ಸುರಿಯಬೇಕು ಎಂಬ ಒಂದೇ ನಿಯಮ ಮಾಡಿ, ಚೆಲ್ಲಿದ್ದನ್ನು ಅದೇ ಗುಂಪು ಒರೆಸಲಿ. ಚಿಕ್ಕ ತರಗತಿಗಳಲ್ಲಿ ತುಂಬಿದ ಬಕೆಟ್ ಬಿಟ್ಟು ದೊಡ್ಡವರು ಆಚೆ ಹೋಗಬಾರದು. ಸೋಪು ಬೆರೆಯದ ನೀರು ಗಿಡಗಳಿಗೆ ಹೋಗಲಿ.

ಕೊನೆಯದಾಗಿ, ಮಕ್ಕಳು ಗೀಟು ಹಾಕಿದ ಪಟ್ಟಿಗಳನ್ನು ಬಾಟಲಿಯ ಜೊತೆ ಎಸೆಯಬೇಡಿ. ಬಿಡಿಸಿ, ಒಣಗಿಸಿ, ದಪ್ಪ ಬಾಟಲಿಯದನ್ನೂ ಸಪೂರದ್ದನ್ನೂ ಒಂದೇ ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿ, ಬಾಟಲಿಯ ಒಳವ್ಯಾಸವನ್ನು ಕೆಳಗೆ ಬರೆದಿಡಿ. ಮುಂದೆ ದೊಡ್ಡ ತರಗತಿಯಲ್ಲಿ ಸಿಲಿಂಡರಿನ ಸೂತ್ರ ಬಂದ ದಿನ ಆ ರಟ್ಟನ್ನು ಅದೇ ಮಕ್ಕಳ ಮುಂದಿಟ್ಟು, ಒಂದು ಪಟ್ಟಿಯಲ್ಲಿ ಗೀಟುಗಳ ನಡುವೆ 1 ಸೆಂ.ಮೀ., ಇನ್ನೊಂದರಲ್ಲಿ 4 ಸೆಂ.ಮೀ. ಯಾಕೆ ಎಂದು ಕೇಳಬಹುದು.

ಇತಿ,
ಪ್ರಾಥಮಿಕ ತರಗತಿಗಳ ಗಣಿತ, ವಿಜ್ಞಾನ ಶಿಕ್ಷಕರು