ಕೀಲಿ ಕೊಡುವ ದಿನವೇ ಕರೆಂಟ್ ಕಟ್ ಮಾಡಬೇಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಮುಲುಂಡ್, ಘಾಟ್ಕೋಪರ್, ಚೆಂಬೂರ್, ಬೊರಿವಲಿ, ಎಲ್ಲಿ ನೋಡಿದರೂ ಹಳೆಯ ಬಿಲ್ಡಿಂಗ್‌ಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ, ಅಂದರೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಬಾಡಿಗೆ ಎಷ್ಟು ಕೊಡುತ್ತಾರೆ, ಹೊಸ ಮನೆ ಎಷ್ಟು ಚದರ ಅಡಿ, ಪಾರ್ಕಿಂಗ್ ಯಾರಿಗೆ, ಇದನ್ನೆಲ್ಲ ಸೊಸೈಟಿ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಮನೆಯಲ್ಲಿ ವರ್ಷಗಟ್ಟಲೆ ಸಾಕಿದ ಸಮುದ್ರದ ಅಕ್ವೇರಿಯಂ ಇದ್ದವರು ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಇದಕ್ಕೂ ಒಂದು ಪತ್ರ ಬೇಕಾ ಅಂತ ಕೆಲವರಿಗೆ ಅನಿಸಬಹುದು. ಬೇಕು. ಯಾಕೆಂದರೆ ಜೀವ ಹೋಗುತ್ತಿದೆ, ಮತ್ತು ಅದನ್ನು ತಪ್ಪಿಸಲು ಬೇಕಾಗಿರುವುದು ಬಹಳ ಸಣ್ಣ ಸಹಾಯ: ಸಾಮಾನು ಹೋದ ಮೇಲೂ ಅಂಥ ಮನೆಯ ಕರೆಂಟ್ ಮೀಟರನ್ನು ಎರಡು ದಿನ ಬಿಡುವುದು.

ನಮ್ಮ ಮನೆಯದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್. ಮಗ ಶಾಲೆಗೆ ಹೋಗುತ್ತಿದ್ದಾಗ ಶುರು ಮಾಡಿದ್ದು, ಈಗ ಅವನು ಕೆಲಸಕ್ಕೆ ಹೋಗುತ್ತಾನೆ. ಎರಡು ಕ್ಲೌನ್ ಮೀನು, ಬ್ಲೆನಿ ಅನ್ನುವ ಒಂದು ಸಣ್ಣ ಮೀನು, ಸೀಗಡಿ, ಕಲ್ಲಿನ ಸಂದಿಯಲ್ಲಿ ಅಡಗಿಕೊಂಡು ರಾತ್ರಿ ಮಾತ್ರ ಕೈ ಚಾಚುವ ನಕ್ಷತ್ರ ಮೀನು, ಅಣಬೆಯಂತೆ ಅಗಲವಾಗಿ ಬೆಳೆದ ಲೆದರ್ ಕೋರಲ್ ಅನ್ನುವ ಮೆತ್ತನೆಯ ಹವಳ. ಹಿಂದಿನ ಗಾಜಿನ ಮೇಲೆಲ್ಲ ನೇರಳೆ ಬಣ್ಣದ ಪಾಚಿ ಸುಣ್ಣದಂತೆ ಗಟ್ಟಿಯಾಗಿ ಹಿಡಿದಿದೆ. ಕ್ಲೌನ್ ಜೋಡಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಈ ಮೀನು ಟ್ಯಾಂಕಿನಲ್ಲಿ 20 ವರ್ಷ ಕೂಡ ಬದುಕಬಲ್ಲದು. ಇಂಥದ್ದನ್ನು ಮಂಚ, ಕಪಾಟು, ಟಿವಿ ಇರುವ ಪಟ್ಟಿಯಲ್ಲೇ ಬರೆದುಕೊಂಡು ಪ್ಯಾಕರ್ಸ್‌ನವರು ಒಂದು ಮಧ್ಯಾಹ್ನದಲ್ಲಿ ಸಾಗಿಸಬೇಕು ಅಂದರೆ ಆಗುವುದಿಲ್ಲ.

ನಮ್ಮ ಹತ್ತಿರದ ಒಂದು ಸೊಸೈಟಿಯಲ್ಲಿ ಹಾಗೇ ಆಯಿತು. ಬೆಳಿಗ್ಗೆ ಲಾರಿ ಬಂತು, ಸಂಜೆಯೊಳಗೆ ಕೀಲಿ ಕೊಡಬೇಕು, ಮಧ್ಯಾಹ್ನಕ್ಕೇ ಮೀಟರ್ ತೆಗೆಯುವವರು ಬಂದರು. ಆ ಮನೆಯವರು ಬೇಡಿಕೊಂಡರೂ ಒಂದು ರಾತ್ರಿಯ ಅವಕಾಶ ಸಿಗಲಿಲ್ಲ. ಕೊನೆಗೆ ಒಂದು ಗೇಣು ನೀರು, ತಳದ ಮರಳು, ಕಲ್ಲು ಎಲ್ಲ ಒಳಗಿದ್ದ ಹಾಗೇ ನಾಲ್ಕು ಜನ ಟ್ಯಾಂಕ್ ಎತ್ತಿದರು. ಮೆಟ್ಟಿಲ ತಿರುವಿನಲ್ಲಿ ತಳದ ಅಂಟು ಬಿಟ್ಟಿತು. ಬಕೆಟ್‌ಗೆ ಹಾಕಿದ್ದ ಮೀನುಗಳು ಹೊಸ ಮನೆ ಮುಟ್ಟಿದವು, ಆದರೆ ಆ ವಾರ ದಾಟಲಿಲ್ಲ. ಆ ಮನೆಯ ಹುಡುಗಿ ಹತ್ತನೇ ಕ್ಲಾಸಿನಲ್ಲಿದ್ದಾಳೆ, ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಯಾಕೆ ಸತ್ತವು ಅಂತ ಹೇಳುತ್ತೇನೆ, ಏಕೆಂದರೆ ಎಲ್ಲರೂ ಅಂದುಕೊಳ್ಳುವುದು ಮೀನಿಗೆ ಗಾಬರಿಯಾಯಿತು ಅಂತ. ಹಳೆಯ ಟ್ಯಾಂಕಿನ ಪ್ರಾಣ ಇರುವುದು ನೀರಿನಲ್ಲಿ ಅಲ್ಲ, ಕಲ್ಲಿನಲ್ಲಿ ಮತ್ತು ಮರಳಿನಲ್ಲಿ. ಅಲ್ಲಿರುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದನ್ನು ಮತ್ತೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ, ಮೂರನೆಯದು ಅಷ್ಟು ಕೆಟ್ಟದ್ದಲ್ಲ. ಕಲ್ಲು ಒಣಗಿದರೆ ಈ ಬ್ಯಾಕ್ಟೀರಿಯಾ ಸಾಯುತ್ತವೆ, ಕಲ್ಲಿನೊಳಗಿನ ಸಣ್ಣ ಹುಳುಗಳೂ ಸಾಯುತ್ತವೆ, ಸತ್ತದ್ದು ಕೊಳೆತು ಇನ್ನಷ್ಟು ಅಮೋನಿಯಾ ಆಗುತ್ತದೆ. ಇನ್ನು ವರ್ಷಗಟ್ಟಲೆ ಅಲುಗಾಡದ ಮರಳು. ಅದರ ತಳದಲ್ಲಿ ಕಪ್ಪು ಪಟ್ಟೆ ಕಾಣುತ್ತದೆ, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಆ ಮರಳನ್ನು ಹಾಗೇ ಕಲಕಿಕೊಂಡು ಹೊಸ ಮನೆಗೆ ಒಯ್ದರೆ ವರ್ಷಗಳ ಕೊಳೆಯೆಲ್ಲ ಒಂದೇ ದಿನ ನೀರಿಗೆ ಬರುತ್ತದೆ.

ಸರಿಯಾಗಿ ಸಾಗಿಸುವುದು ಕಷ್ಟವೇನಲ್ಲ, ಆದರೆ ಅದಕ್ಕೊಂದು ಕ್ರಮ ಇದೆ. ಮುಖ್ಯ ಗಂಟು ಎಲ್ಲಿದೆ ಅಂದರೆ, ಗಾಜಿನ ಟ್ಯಾಂಕ್ ಒಂದೇ, ಮನೆ ಎರಡು. ಜೀವಿಗಳನ್ನೆಲ್ಲ ಮೊದಲು ಹಳೆಯ ಮನೆಯಲ್ಲೇ ಮುಚ್ಚಳವಿರುವ ಡ್ರಮ್ಮುಗಳಿಗೆ ಹಾಕಬೇಕು. ಡ್ರಮ್ ಆಹಾರ ತುಂಬಿಸುವಂಥದ್ದೇ ಆಗಿರಬೇಕು, ಕೆಮಿಕಲ್ ಬಂದಿದ್ದ ನೀಲಿ ಡ್ರಮ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಟ್ಯಾಂಕಿನ ಹಳೆಯ ನೀರನ್ನೇ ಅದಕ್ಕೆ ತುಂಬಿಸಿ, ಕೋರಲ್‌ಗಳನ್ನು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಇಟ್ಟು, ಕಲ್ಲುಗಳನ್ನು ಪೂರ್ತಿ ಮುಳುಗಿಸಿ, ಪ್ರತಿಯೊಂದರಲ್ಲೂ ಪಂಪ್ ಓಡಿಸಬೇಕು. ಮೀನು ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ. ಕಲ್ಲೆಲ್ಲ ತೆಗೆದು ನೀರು ಒಂದು ಗೇಣಿಗೆ ಇಳಿದ ಮೇಲೆ ಬಲೆ ಹಾಕಿದರೆ ಅಟ್ಟಾಡಿಸದೆ ಸಿಗುತ್ತವೆ. ಹಿಂದಿನ ದಿನದಿಂದ ಊಟ ಹಾಕಬಾರದು, ಹೊಟ್ಟೆ ಖಾಲಿ ಇದ್ದರೆ ಡ್ರಮ್ಮಿನ ನೀರು ಕೆಡುವುದಿಲ್ಲ. ಮರಳನ್ನು ಬಿಸಾಡಿ ಹೊಸದು ಹಾಕುವುದೇ ಒಳ್ಳೆಯದು. ಮೇಲ್ಪದರದ ಒಂದು ಬಟ್ಟಲು ಮಾತ್ರ ಉಳಿಸಿಕೊಳ್ಳಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಷ್ಟು ಸಾಕು.

ಆಮೇಲೆ ಪೂರ್ತಿ ಖಾಲಿ ಟ್ಯಾಂಕ್ ಮಾತ್ರ ಟೆಂಪೋದಲ್ಲಿ ಹೊಸ ಮನೆಗೆ ಹೋಗಬೇಕು. ಅಲ್ಲಿ ರಸಮಟ್ಟ ಇಟ್ಟು ಸ್ಟ್ಯಾಂಡ್ ಸಮ ಮಾಡಿ, ಬರೀ ನೀರು ತುಂಬಿಸಿ ಒಂದು ರಾತ್ರಿ ಸೋರುತ್ತದಾ ಅಂತ ನೋಡಬೇಕು. ಹಳೆಯ ಸಿಲಿಕಾನ್ ಅಂಟು ಸಾಗಾಟದ ಕುಲುಕಿಗೆ ಸಣ್ಣಗೆ ಬಿಟ್ಟುಕೊಂಡಿದ್ದರೆ ಆ ರಾತ್ರಿಯೇ ಗೊತ್ತಾಗುತ್ತದೆ. ಸೋರದಿದ್ದರೆ ಆ ನೀರು ಚೆಲ್ಲಿ, ಮುಂಚೆಯೇ ಕದಡಿಟ್ಟ ಉಪ್ಪು ನೀರು ಹಾಕಬೇಕು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು, ಅಡುಗೆ ಉಪ್ಪು ಅಲ್ಲ. ಬಿಎಂಸಿ (ಮುಂಬಯಿ ಪಾಲಿಕೆ) ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆ ನೀರನ್ನು ಆರ್‌ಓ ಮತ್ತು ಉಳಿದ ಲವಣ ತೆಗೆಯುವ ಡಿಐ ಎರಡರಲ್ಲೂ ಸೋಸಬೇಕು. ಮನೆಯ ಸಣ್ಣ ಆರ್‌ಓ ಯಂತ್ರದಲ್ಲಿ 200 ಲೀಟರ್ ಸೋಸಲು ಎಷ್ಟು ಹೊತ್ತು ಬೇಕು ಅಂತ ಗೃಹಿಣಿಯರಿಗೆ ಗೊತ್ತೇ ಇದೆ. ಹಳೆಯ ನೀರಿನ ಮತ್ತು ಹೊಸ ನೀರಿನ ಉಪ್ಪು ಒಂದೇ ಇರಬೇಕು, 25 ಅಥವಾ 26 ಡಿಗ್ರಿ ಬಿಸಿಯೂ ಒಂದೇ ಇರಬೇಕು. ಇದೆಲ್ಲ ಸರಿಹೋದ ಮೇಲೆಯೇ ಜೀವಿಗಳು ಹಳೆಯ ಮನೆ ಬಿಡುವುದು. ಅಲ್ಲಿಯವರೆಗೆ ಹಳೆಯ ಮನೆಯಲ್ಲಿ ಕರೆಂಟ್ ಇರಲೇಬೇಕು. ನಾನು ಎರಡು ದಿನ ಎರಡು ದಿನ ಅಂತ ಹೇಳುತ್ತಿರುವುದು ಇದಕ್ಕೇ.

ಕರೆಂಟ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಮುಂಬಯಿಯ ಅಕ್ವೇರಿಯಂ ಮಂದಿಗೆ ಚೆನ್ನಾಗಿ ಗೊತ್ತು. 2020ರ ಅಕ್ಟೋಬರ್ 12ರಂದು ಇಡೀ ನಗರಕ್ಕೆ ಕರೆಂಟ್ ಹೋಯಿತಲ್ಲ, ರೈಲು ಕೂಡ ನಿಂತಿತ್ತು. ಪಂಪ್ ನಿಂತರೆ ನೀರಿಗೆ ಗಾಳಿ ಬೆರೆಯುವುದಿಲ್ಲ, ಮೀನು ಮೇಲೆ ಬಂದು ಬಾಯಿ ಬಿಡಲು ಶುರು ಮಾಡುತ್ತದೆ. ಅಂದು ನಮ್ಮನ್ನು ಉಳಿಸಿದ್ದು ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಳಿ ಪಂಪ್. ಟೆಂಪೋದಲ್ಲಿ ಹೋಗುವಾಗಲೂ ಅದನ್ನೇ ಡ್ರಮ್ಮಿಗೆ ಹಾಕಿ. ಮುಂಬಯಿ ಟ್ರಾಫಿಕ್‌ನಲ್ಲಿ ಅರ್ಧ ಗಂಟೆಯ ದಾರಿ ಎರಡು ಗಂಟೆ ಆಗುವುದು ಯಾರಿಗೂ ಹೊಸದಲ್ಲ.

ಇನ್ನೊಂದು ತೊಂದರೆ ಬಾಡಿಗೆ ಮನೆಯ ಮಾಲೀಕರದು. ಅಕ್ವೇರಿಯಂ ಅಂದ ತಕ್ಷಣ ನೆಲ ಕುಸಿಯುತ್ತದೆ ಅಂತಾರೆ. ಅವರ ಭಯ ಸುಮ್ನೆ ಅಲ್ಲ. ನಮ್ಮ ಅಳತೆಯ ಟ್ಯಾಂಕಿಗೆ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ, ಉಪ್ಪು ನೀರು ಲೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ, ಕಲ್ಲು, ಗಾಜು, ಕೆಳಗಿನ ಸಂಪ್ (ನೀರು ಸೋಸುವ ತೊಟ್ಟಿ) ಎಲ್ಲ ಸೇರಿದರೆ 700 ಕಿಲೋ ಹತ್ತಿರ. ವಾಸದ ಮನೆಯ ಸ್ಲ್ಯಾಬನ್ನು ನಮ್ಮ ದೇಶದ ಕಟ್ಟಡ ನಿಯಮದಲ್ಲಿ ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ, ಆದ್ದರಿಂದ ಒಂದೇ ಮೂಲೆಯ ಭಾರ ತಕ್ಷಣ ಅಪಾಯ ಅಂತಲ್ಲ. ಆದರೂ ಬೀಮ್ ಹೋಗುವ ಗೋಡೆಗೆ ಉದ್ದಕ್ಕೆ ಒರಗಿಸಿ ಇಡಬೇಕು, ಕೋಣೆಯ ನಡುವೆ ಅಥವಾ ಬಾಲ್ಕನಿಯಲ್ಲಿ ಇಡಲೇಬಾರದು. ಅದೂ ಹಳೆಯ ಬಿಲ್ಡಿಂಗ್ ಆದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ, ಮಾಲೀಕರ ಎದುರಿಗೇ ಕೇಳಿ.

ಸಹಾಯಕ್ಕೆ ಬರುವ ಹುಡುಗರಿಗೆ ಒಂದು ಮಾತು ಖಂಡಿತ ಹೇಳಿ. ಅಂಗಿಯ ಗುಂಡಿಯಂತೆ ಗುಂಪಾಗಿ ಬೆಳೆಯುವ, ಹವಳದ ಜಾತಿಗೆ ಹತ್ತಿರದ ಜೋವಾಂತಿಡ್‌ಗಳಲ್ಲಿ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ತೀವ್ರ ವಿಷ ಇರುತ್ತದೆ. ಆ ಕಲ್ಲನ್ನು ಬ್ರಷ್ ಹಾಕಿ ಉಜ್ಜಬಾರದು, ಬಿಸಿ ನೀರು ಸುರಿಯಬಾರದು, ಕುದಿಸುವ ಮಾತಂತೂ ಬೇಡವೇ ಬೇಡ. ಆ ಹಬೆ ಉಸಿರಾಡಿ ಇಡೀ ಕುಟುಂಬ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ಆಗಿವೆ. ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಮುಟ್ಟಬಾರದು.

ಈಗ ಬಹಳ ಬೇಜಾರಾದ ವಿಷಯಕ್ಕೆ ಬರುತ್ತೇನೆ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು, "ಯಾಕಿಷ್ಟು ತಲೆಬಿಸಿ, ಮಾರ್ವೆಗೆ ಒಯ್ದು ಸಮುದ್ರಕ್ಕೆ ಬಿಟ್ಟುಬಿಡಿ, ಪುಣ್ಯ ಬರುತ್ತೆ." ಅದಕ್ಕೆ ಎಷ್ಟೊಂದು ಜನ ಕೈ ಮುಗಿದರು! ನಮ್ಮಲ್ಲಿ ಬಹಳ ಮಂದಿ ಕರಾವಳಿಯಿಂದ ಬಂದವರು, ಮಲ್ಪೆ, ಗಂಗೊಳ್ಳಿಯ ಸಮುದ್ರ ನೋಡಿ ಬೆಳೆದವರು, ಅವರಿಗೆ ಇದು ಒಳ್ಳೆಯ ಕೆಲಸ ಅಂತಲೇ ಅನಿಸುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಲೌನ್ ಮೀನುಗಳು ಟ್ಯಾಂಕಿನಲ್ಲೇ ಹುಟ್ಟಿದವು, ಸಮುದ್ರ ಕಂಡೇ ಇಲ್ಲ. ಮಳೆಗಾಲದಲ್ಲಿ ಕೆಸರಾಗುವ, ಖಾಡಿಯ, ಅಂದರೆ ಅಳಿವೆಯ, ನೀರು ಸೇರಿ ಉಪ್ಪು ಇಳಿಯುವ ಮುಂಬಯಿ ತೀರದಲ್ಲಿ ಅವು ಬದುಕುವುದಿಲ್ಲ. ಬದುಕಿಬಿಟ್ಟರೆ ಇನ್ನೂ ಕೆಟ್ಟದ್ದು. ನಮ್ಮ ಕಡೆಯ ಸಮುದ್ರದ ಲಯನ್ ಮೀನು 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂನಿಂದ ಬಿಟ್ಟದ್ದೇ ಇದಕ್ಕೆ ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. ಈಗ ಅದು ಕೆರಿಬಿಯನ್ ಪೂರ್ತಿ ಹರಡಿ ಅಲ್ಲಿನ ಮರಿ ಮೀನುಗಳನ್ನು ತಿಂದು ಹಾಕುತ್ತಿದೆ. 1984ರಲ್ಲಿ ಮೊನಾಕೊದಲ್ಲಿ ಕಂಡ ಕಾಲರ್ಪಾ ಅನ್ನುವ ಅಕ್ವೇರಿಯಂ ಪಾಚಿ ಮೆಡಿಟರೇನಿಯನ್ ಸಮುದ್ರದಲ್ಲಿ ಮೈಲಿಗಟ್ಟಲೆ ಹಬ್ಬಿತು. ಟ್ಯಾಂಕಿನ ಹಳೆಯ ನೀರನ್ನು ಕೂಡ ಸಮುದ್ರಕ್ಕೋ ಖಾಡಿಗೋ ಸುರಿಯಬೇಡಿ, ಮನೆಯ ಮೋರಿಗೆ ಬಿಡಿ.

ನಮ್ಮ ಮುಂಬಯಿ ತೀರದಲ್ಲೂ ಹವಳ ಇದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೋಸ್ಟಲ್ ರೋಡ್ ಕೆಲಸ ಬಂದಾಗ ವರ್ಳಿ, ಹಾಜಿ ಅಲಿ ಹತ್ತಿರದ ಹವಳಗಳನ್ನು 2020ರಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳನ್ನು ಕರೆಸಿ ಬೇರೆ ಕಡೆ ಕೂರಿಸಿದರು. ಅಷ್ಟು ದೊಡ್ಡ ರಸ್ತೆ ಕೆಲಸವೇ ಹವಳಕ್ಕಾಗಿ ಕಾಯಬಹುದಾದರೆ ಒಂದು ಬಿಲ್ಡಿಂಗಿನ ಮೀಟರ್ ಎರಡು ದಿನ ಕಾಯಬಾರದಾ? ಅಂದ ಹಾಗೆ, ಕಲ್ಲಿನಂತೆ ಬೆಳೆಯುವ ಗಟ್ಟಿ ಹವಳಗಳು ಮತ್ತು ಕಡಲ್ಗುದುರೆಗಳು 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು, ಹುಲಿ ಇರುವ ಪಟ್ಟಿ ಅದು. ಮನೆ ಖಾಲಿ ಮಾಡುತ್ತಿದ್ದೇವೆ, ಅಗ್ಗಕ್ಕೆ ಕೊಡುತ್ತೇವೆ ಅಂತ ಯಾರಾದರೂ ನಮ್ಮ ಸಮುದ್ರದಿಂದ ಕಿತ್ತು ತಂದ ಹವಳ ತೋರಿಸಿದರೆ ಮುಟ್ಟಬೇಡಿ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ನೋಡಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಕಲು ಆಗುವುದೇ ಇಲ್ಲ ಅನ್ನುವವರು ಮೀನುಗಳನ್ನು ಬೇರೆ ಸಾಕುವವರಿಗೆ ಕೊಡಿ. ಕ್ರಾಫರ್ಡ್ ಮಾರ್ಕೆಟ್, ಕುರ್ಲಾದ ಅಂಗಡಿಯವರಲ್ಲಿ ವಾಪಸ್ ತೆಗೆದುಕೊಳ್ಳುವವರೂ ಇದ್ದಾರೆ, ಕೇಳಿ ನೋಡಿ. ಸಾಗಿಸಿದವರು ಮೊದಲ ವಾರ ದಿನಾ ಅಮೋನಿಯಾ ಪರೀಕ್ಷೆ ಮಾಡಿ, ಊಟ ಕಡಿಮೆ ಹಾಕಿ, ಲೈಟ್ ಕಡಿಮೆ ಹೊತ್ತು ಉರಿಸಿ. ಲೆದರ್ ಕೋರಲ್ ಮುದುರಿಕೊಂಡು ಮೇಣದಂಥ ಪೊರೆ ಕಟ್ಟಿದರೆ ಸತ್ತಿತು ಅಂತ ಎಸೆಯಬೇಡಿ. ಅದು ಹಾಗೇ ಕೆಲವು ದಿನ ಮುಚ್ಚಿಕೊಂಡಿದ್ದು, ಪೊರೆ ಕಳಚಿ ಮತ್ತೆ ಅರಳುತ್ತದೆ.

ಸೊಸೈಟಿ ಸೆಕ್ರೆಟರಿಗಳಿಗೆ, ಬಿಲ್ಡರ್‌ಗಳಿಗೆ ನನ್ನ ಬೇಡಿಕೆ ಇಷ್ಟೇ. ಮನೆ ಬಿಡುವ ನೋಟಿಸ್ ಕೊಡುವಾಗಲೇ ಯಾರ ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇದೆ ಅಂತ ಕೇಳಿ ಬರೆದುಕೊಳ್ಳಿ. ಸಾಮಾನು ಹೋದ ಮೇಲೆ ಅಂಥ ಮನೆಯ ಮೀಟರನ್ನು ಎರಡು ದಿನ ಬಿಡಿ, ಆ ಕರೆಂಟ್ ಬಿಲ್ ಮನೆಯವರೇ ಕಟ್ಟುತ್ತಾರೆ. ಲಿಫ್ಟ್ ಇದ್ದರೆ ಡ್ರಮ್ಮು ಇಳಿಸಲು ಒಂದು ಗಂಟೆ ಅವರಿಗೇ ಕೊಡಿ. ನಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಇದನ್ನು ನಾನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ, ಒಪ್ಪಂದದ ಕಾಗದದಲ್ಲೇ ಸೇರಿಸಿ ಅಂತ ಕೇಳುತ್ತೇನೆ. ಬೇರೆ ಸೊಸೈಟಿಗಳಲ್ಲಿರುವ ಕನ್ನಡಿಗರೂ ಸಹಿ ಹಾಕುವ ಮುಂಚೆಯೇ ಕೇಳಿ, ಆಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಂತಿ ನಿಮ್ಮ ಓದುಗ,
ಮುಲುಂಡ್, ಮುಂಬಯಿ